ಕಡ್ಡಿ ಬಾಗಿದರೆ ತಪ್ಪು ಯಾರದು?

"ಬಹಳ ಶಾಂತ ಸ್ವಭಾವದವರು. ಎಂದೂ ಯಾರಿಗೂ ಎದುರಾಡಿದವರಲ್ಲ. ತಮಗಾಗಿ ಏನನ್ನೂ ಕೇಳಿದವರಲ್ಲ."

ಹೋದ ವಾರ ಬೈಲಹೊಂಗಲದ ನಮ್ಮ ಕಾಲೇಜಿನ ಸಭಾಗೃಹದಲ್ಲಿ, ಮಾಲೆ ಹಾಕಿದ ಫೋಟೋದ ಪಕ್ಕ ನಿಂತು, ಸಂಸ್ಥೆಯ ಚೇರಮನ್ನರು ಮೈಕಿನಲ್ಲಿ ಹೀಗೆ ಹೇಳಿದರು. ಮೂರೂ ಸುಳ್ಳು. ಫೋಟೋದಲ್ಲಿದ್ದವರು ಶಾಂತ ಸ್ವಭಾವದವರಾಗಿರಲಿಲ್ಲ. ದಿನಕ್ಕೊಮ್ಮೆಯಾದರೂ ಯಾರಿಗಾದರೂ ಎದುರಾಡದೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ತಮಗಾಗಿ ಕೇಳಿದರು, ಬಾಯಿ ಬಿಟ್ಟು ಕೇಳಿದರು, ವರ್ಷಗಟ್ಟಲೆ ಕೇಳಿದರು. ಕೊಡಲಿಲ್ಲ, ಅಷ್ಟೆ. ಕೊಡದೇ ಇದ್ದವರೇ ಈಗ 'ಕೇಳಲಿಲ್ಲ' ಎಂದು ಹೊಗಳುತ್ತಿದ್ದಾರೆ. ಮೂರನೆಯ ಸಾಲಿನಲ್ಲಿ ಕೂತ ನನ್ನ ಮೈ ಉರಿದುಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮ ಟೇಬಲ್ಲುಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಎತ್ತರದ, ಸಪೂರ ಆಳು. ಅಂಗಿಯ ಕಿಸೆಯಲ್ಲಿ ಪೆನ್ನಿನ ಜೊತೆ ಯಾವಾಗಲೂ ನಾಲ್ಕಾರು ಕಸಬರಿಗೆ ಕಡ್ಡಿ ಇರುತ್ತಿದ್ದವು. ಕಸ ಗುಡಿಸುವ ಹೆಂಗಸು "ಅಕ್ಕಾರ, ನನ್ನ ಕಸಬರಗಿ ದಿನಾ ಸೊರಗಾಕತ್ತೈತ್ರಿ" ಎಂದು ನನ್ನ ಮುಂದೆ ದೂರು ಹೇಳುತ್ತಿದ್ದಳು. ಅವರಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಆ ಕಡ್ಡಿ ಇದ್ದದ್ದು ಪಾಠಕ್ಕೆ. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಮೊದಲ ಪಾಠ ಅದೇ. ಟೇಬಲ್ಲಿನ ಮೇಲೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತುವರು. ಕಡ್ಡಿ ಹೊಟ್ಟೆ ಮುಂದೆ ಮಾಡಿ ಬಾಗುವುದು. ಆಮೇಲೆ ಇಬ್ಬರು ಹುಡುಗರನ್ನು ಕರೆದು, "ಆಚಿ ಒಬ್ಬ, ಈಚಿ ಒಬ್ಬ. ನಡಕ ಬೆರಳ ಹಚ್ರಿ. ಒತ್ತಬ್ಯಾಡ್ರಿ, ಸುಮ್ಮ ಮುಟ್ಟಿ ಹಿಡೀರಿ" ಎನ್ನುವರು. ಈಗ ಅದೇ ಕಡ್ಡಿ ಎಷ್ಟೋ ಹೆಚ್ಚು ಭಾರ ಹೊರುವುದು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ನೋಡುತ್ತಿರುವಾಗ "ಬೆರಳ ತಗೀರಿ!" ಎಂದು ಒದರುವರು. ಹುಡುಗರು ಬೆಚ್ಚಿ ಬೆರಳು ತೆಗೆದದ್ದೇ ತಡ, ಕಡ್ಡಿ ಥಟ್ಟನೆ ಬಾಗುವುದು.

"ಕಡ್ಡಿ ಬಾಗಿತು. ತಪ್ಪು ಯಾರದು?"

ಮೊದಲ ಸಲ ಎಲ್ಲರೂ "ಕಡ್ಡೀದು, ಸರ್" ಅನ್ನುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿತ್ತು. "ಕಡ್ಡಿ ಅದ ಐತಿ, ಭಾರ ಅದ ಐತಿ. ಬದಲಾದದ್ದೇನು ಅದನ್ನ ನೋಡ್ರಿ, ಕಣ್ಣ ಅದಾವಿಲ್ಲೋ ನಿಮಗ?" ಎಂದು ಗದರಿಸಿ ಮತ್ತೆ ಕೇಳುವರು. ವಾರ ಕಳೆಯುವಷ್ಟರಲ್ಲಿ ಆ ಪ್ರಶ್ನೆಗೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಉತ್ತರ ಕೊಡುತ್ತಿತ್ತು: "ಬೆರಳ ತಗದವರದು, ಸರ್!" ನಾನು ಪಕ್ಕದ ಕೋಣೆಯಲ್ಲಿ ಹಳಗನ್ನಡ ಹೇಳುತ್ತಿದ್ದರೆ ಗೋಡೆ ದಾಟಿ ಬರುವ ಆ ಕೂಗಿಗೆ ನನ್ನ ಹುಡುಗರು ಕಿಸಕ್ಕೆಂದು ನಗುತ್ತಿದ್ದರು.

ಈ ಬಾಗುವಿಕೆಯ ಹುಚ್ಚು ಅವರನ್ನು ಊಟಕ್ಕೂ ಬಿಡುತ್ತಿರಲಿಲ್ಲ. ಕಿತ್ತೂರಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಪಂಕ್ತಿಯಲ್ಲಿ ಎಲೆ ಹಾಕಿ, ಮಾದಲಿ ಬಡಿಸಿದ್ದಾರೆ. ಇವರು ಎಲೆಯ ಮುಂದೆ ಕೂಡದೆ ಪೆಂಡಾಲಿನ ಕಂಬಗಳನ್ನು ನೋಡುತ್ತ ನಿಂತಿದ್ದಾರೆ. "ಇಷ್ಟ ಉದ್ದ, ಇಷ್ಟ ಸಣ್ಣ ಬಂಬು. ನಡಕ ಅಡ್ಡ ಕಟ್ಟಿಲ್ಲ. ಮೊದಲ ಅಡ್ಡ ಕಟ್ರಿ, ಆಮ್ಯಾಲ ಉಣ್ತೇನಿ" ಎಂದು ಹಟ ಹಿಡಿದರು. ಮದುವೆ ಮನೆಯಲ್ಲಿ ಬೀಳುವ ಮಾತಾಡಿದರೆ ಯಾರಿಗೆ ಸೇರುತ್ತದೆ? ಹೆಣ್ಣಿನ ಸೋದರಮಾವ ಕೈ ಮುಗಿದು, ಹಲ್ಲು ಕಡಿಯುತ್ತ, ಅಡ್ಡ ಕಟ್ಟಿಸಿದ. ಮಧ್ಯಾಹ್ನ ಜೋರು ಗಾಳಿ ಬೀಸಿತು. ಪೆಂಡಾಲು ಬೀಳಲಿಲ್ಲ. ಬೀಳಲಿಲ್ಲವಾದ್ದರಿಂದ ಅವರು ಹೇಳಿದ್ದು ಸರಿಯೋ ತಪ್ಪೋ ಯಾರಿಗೂ ತಿಳಿಯಲಿಲ್ಲ. ಅಪಶಕುನದ ಮನುಷ್ಯ ಎಂಬ ಹೆಸರು ಮಾತ್ರ ಉಳಿಯಿತು.

ಅವರು ನಿಜವಾಗಿ ಬೆನ್ನು ಹತ್ತಿದ್ದು ಬಂಬುವನ್ನಲ್ಲ, ಕಣ್ಣಿಗೆ ಕಾಣದ ಎಳೆಗಳನ್ನು. ತೊಂಬತ್ತರ ದಶಕದ ನಡುವೆ ಇರಬೇಕು, ಒಂದು ದಿನ ಚಹಾ ಬಶಿಗೆ ಸುರುವಿಕೊಳ್ಳುತ್ತ, "ಅಕ್ಕಾರ, ನಿಮ್ಮ ತಲಿಗೂದಲ ಒಂದ ತಗೀರಿ" ಎಂದರು.

"ಇರೋವ ನಾಕ ಅದಾವ, ಬಿಡ್ರಿ" ಎಂದೆ.

"ಅದರ ಅಗಲದಾಗ ಸಾವಿರಾರು ಎಳಿ ಮಗ್ಗಲಕ್ಕ ಮಗ್ಗಲ ಹಚ್ಚಿ ಮಲಗಿಸಬಹುದು, ಅಷ್ಟ ಸಣ್ಣ ಎಳಿ ಕಂಡಹಿಡದಾರ. ಕಾರ್ಬನ್ನಿಂದು. ಜಗ್ಗಿದ್ರ ಉಕ್ಕ ನಾಚಬೇಕು, ಹಂಗ ಐತಿ. ಅದನ್ನ ರಾಳದಾಗ ಕೂಡಿಸಿ ಹೊಸ ವಸ್ತು ಮಾಡಾಕ ಹೊಂಟಾರ. ನಿಮ್ಮ ನೇಸರಗಿ ಮನಿ ಮಾಳಿಗಿಗೆ ಮಣ್ಣಾಗ ಹೊಟ್ಟು ಕಲಸಿ ಮೆತ್ತತಾರಲ್ಲ, ಅದ ತತ್ವ."

"ಮತ್ತ ನಿಮ್ಮದೇನ ಕೆಲಸ ಅದರಾಗ?"

"ಜಗ್ಗಿದ್ರ ಹರಿಯೂದಿಲ್ಲ ಅದು. ಆದ್ರ ಒತ್ತಿದ್ರ ಬಾಗತೈತಿ. ಯಾವಾಗ ಬಾಗತೈತಿ? ದೊಡ್ಡ ಕಂಬಕ್ಕ ಬರದ ಸೂತ್ರ ಅಷ್ಟ ಸಣ್ಣದಕ್ಕ ನಡ್ಯೂದಿಲ್ಲ. ಎಳಿ ಎಷ್ಟ ಗಟ್ಟಿ ಅನ್ನೂದಕಿಂತ ಸುತ್ತಿನ ರಾಳ ಅದನ್ನ ಎಷ್ಟ ಬಿಗಿ ಹಿಡದೈತಿ ಅನ್ನೂದ ದೊಡ್ಡದು. ಇದನ್ನ ನಾ ಲೆಕ್ಕಾ ಮಾಡಿ ತೋರಸತೇನಿ."

ಅದೇ ಅವರ ಪಿಎಚ್.ಡಿ. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದರು. ಪ್ರಯೋಗಶಾಲೆ ಬೇಡ, ಬರೀ ಲೆಕ್ಕ. ಆದರೆ ಆ ಲೆಕ್ಕ ಕೈಯಿಂದ ಆಗುವಂಥದ್ದಲ್ಲ, ಕಂಪ್ಯೂಟರ್ ಬೇಕು. ನಮ್ಮ ಕಾಲೇಜಿಗೆ ಆಗಷ್ಟೇ ಒಂದು ಬಂದಿತ್ತು. ಪರದೆ ಹಾಕಿದ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೀಲಿ ಚೇರಮನ್ನರ ಹತ್ತಿರ. ಆ ಕೀಲಿಗಾಗಿ ಇವರು ಎಷ್ಟು ಸಲ ಚೇರಮನ್ನರ ಅರಳೆ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರೋ ಊರಿಗೇ ಗೊತ್ತು. 'ತಮಗಾಗಿ ಏನನ್ನೂ ಕೇಳಿದವರಲ್ಲ' ಅಂತೆ!

ಕೊನೆಗೂ ಕೀಲಿ ಸಿಕ್ಕಿತು. ಒಂದೊಂದು ಲೆಕ್ಕ ಮುಗಿಯಲು ಆ ಯಂತ್ರ ದಿನಗಟ್ಟಲೆ ಬಿಡದೆ ಓಡಬೇಕು. ನಮ್ಮಲ್ಲಿ ಕರೆಂಟು ಇದ್ದಷ್ಟೇ ಹೊತ್ತು ಇಲ್ಲದೆಯೂ ಇರುತ್ತಿತ್ತು. ಅದಕ್ಕೆ ಲಾರಿಯ ಬ್ಯಾಟರಿ, ಇನ್ವರ್ಟರು ತಂದು ಜೋಡಿಸಿಕೊಂಡರು. ಯಂತ್ರದ ಒಳಗೆ ಕಾಲೇಜಿನ ಆಫೀಸಿನ ಲೆಕ್ಕವೇ ತುಂಬಿತ್ತು. ಇವರ ಲೆಕ್ಕಕ್ಕೆ ಅಲ್ಲಿ ಜಾಗ ಕೊಡಲಿಲ್ಲ. ದಿನಾ ಸಂಜೆ ಅಲ್ಲಿಯವರೆಗೆ ಆದದ್ದನ್ನು ಫ್ಲಾಪಿಗಳಿಗೆ ಇಳಿಸಿ, ಡಬ್ಬಿಯಲ್ಲಿ ಹಾಕಿ ಅಲ್ಲೇ ಇಟ್ಟು ಮನೆಗೆ ಹೋಗುತ್ತಿದ್ದರು. ವರ್ಷದ ಕೊನೆಗೆ ಪ್ರಬಂಧ ಒಪ್ಪಿಸಬೇಕು, ಕೊನೆಯ ದೊಡ್ಡ ಲೆಕ್ಕ ಓಡುತ್ತಿದೆ. ಅಷ್ಟರಲ್ಲಿ ಖಂಡೇನವಮಿ, ಆಯುಧಪೂಜೆಯ ದಿನ, ಬಂತು.

ನಮ್ಮ ಕಡೆ ಖಂಡೇಪೂಜೆ ಹೇಗೆಂದು ಹೇಳಬೇಕಾಗಿಲ್ಲ. ಒಕ್ಕಲಿಗರ ಕುಡಗೋಲು, ಬಡಿಗೇರ ಬಾಚಿ, ನಮ್ಮವ್ವನ ಹೊಲಿಗೆ ಯಂತ್ರ, ಎಲ್ಲಕ್ಕೂ ವಿಭೂತಿ ಕುಂಕುಮ. ಒಮ್ಮೆ ಪೂಜೆಗೆ ಇಟ್ಟದ್ದನ್ನು ದಶಮಿಯ ದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ, ಬಳಸುವಂತಿಲ್ಲ. ಅದು ನನಗೆ ಇವತ್ತಿಗೂ ಇಷ್ಟವಾದ ಹಬ್ಬ. ಅವರಿಗೂ ಇಷ್ಟವೇ. ಅವರದು ಮುನವಳ್ಳಿಯ ಪೌರೋಹಿತ್ಯದ ಮನೆತನ. ಭಟ್ಟರು ಮಂತ್ರ ನುಂಗಿದರೆ ಪಕ್ಕದಲ್ಲಿ ನಿಂತು ತಿದ್ದುತ್ತಿದ್ದರು. ಆ ವರ್ಷವೂ ತಮ್ಮ ಸ್ಲೈಡ್ ರೂಲು, ಸುಣ್ಣದ ಕಡ್ಡಿಯ ಪೆಟ್ಟಿಗೆ ತಾವೇ ಪೂಜೆಗೆ ಇಟ್ಟಿದ್ದರು. ಕಂಪ್ಯೂಟರ್ ಒಂದನ್ನು ಮಾತ್ರ ಮುಟ್ಟಬೇಡಿ, ಲೆಕ್ಕ ನಡೆದಿದೆ ಎಂದು ಚೇರಮನ್ನರಿಗೆ ಮೊದಲೇ ಹೇಳಿದ್ದರು. ಚೇರಮನ್ನರು "ಆತು, ಆತು" ಎಂದಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಆದರೆ ಪೂಜೆಗೆ ಯಾರೋ ದೊಡ್ಡ ಅತಿಥಿ ಬರುವರೆಂದು ಗೊತ್ತಾಯಿತು. ಸಾಲಿನಲ್ಲಿ ಕುಡಗೋಲು, ಸ್ಪ್ಯಾನರು ಇಟ್ಟರೆ ಏನು ಶೋಭೆ? ಚೇರಮನ್ನರು ಕೋಣೆ ತೆರೆಸಿ, ಬ್ಯಾಟರಿಯ ವೈರು ಕೀಳಿಸಿ, ಓಡುತ್ತಿದ್ದ ಕಂಪ್ಯೂಟರನ್ನು ಆರಿಸಿ, ನಾಲ್ಕು ಮಂದಿಯ ಕೈಯಲ್ಲಿ ಸಭಾಗೃಹಕ್ಕೆ ಹೊರಿಸಿಕೊಂಡು ಬಂದರು. ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಕಬ್ಬು. ಫ್ಲಾಪಿಗಳ ಡಬ್ಬಿಯೂ ಸಿಕ್ಕಿತ್ತು. ಅವನ್ನು ವೀಳ್ಯದೆಲೆಯಂತೆ ಹರಿವಾಣದಲ್ಲಿ ಜೋಡಿಸಿ, ಒಂದೊಂದಕ್ಕೂ ನಡುವೆ ವಿಭೂತಿ, ಅರಿಷಿಣ, ಕುಂಕುಮ ಹಚ್ಚಿ, ಮೇಲೆ ಕಾಯಿ ಒಡೆದರು. ಕಾಯಿಯ ನೀರು ಎಲ್ಲದರ ಮೇಲೆ ಹರಿಯಿತು. ಕೆಟ್ಟ ಮನಸ್ಸಿನಿಂದ ಮಾಡಿದರೆಂದು ನಾನು ಹೇಳುವುದಿಲ್ಲ. ಭಕ್ತಿಯಿಂದಲೇ ಮಾಡಿದರು. ಅದೇ ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುವುದು.

ಹೆಂಡತಿಯ ತವರಿಗೆ, ರಾಮದುರ್ಗಕ್ಕೆ, ಹೋಗಿದ್ದ ಇವರು ಆ ಹೊತ್ತಿಗೆ ತಿರುಗಿ ಬಂದರು. ಮೊದಲು ಕಂಪ್ಯೂಟರ್ ಕೋಣೆಯ ಖಾಲಿ ಟೇಬಲ್ ನೋಡಿ, ಆಮೇಲೆ ಸಭಾಗೃಹದ ಬಾಗಿಲಲ್ಲಿ ನಿಂತರು. ಆಮೇಲೆ ಅತಿಥಿ, ಊರ ಹಿರಿಯರು, ಫೋಟೋದವನು, ಯಾರನ್ನೂ ಲೆಕ್ಕಿಸದೆ ಚೇರಮನ್ನರ ಮುಂದೆ ಬಂದು ನಿಂತು ಕೇಳಿದರು:

"ಪೂಜಿ ಮಾಡ್ರಿ, ನಾ ಬ್ಯಾಡ ಅಂದಿಲ್ಲ. ಉಸಿರಾಡೋದನ್ನ ಪೂಜಿ ಮಾಡೋ ಮುಂದ ಅದರ ಮೂಗ ಹಿಡೀತಾರೇನ್ರಿ?"

"ಸರ್, ಸಮಾಧಾನ. ದಶಮಿ ಆದ ಮ್ಯಾಲ ಮತ್ತ ಹಚ್ಚಕೋರಿ. ಎಲ್ಲಿ ಹೋಗತೈತಿ?" ಎಂದರು ಚೇರಮನ್ನರು, ಅತಿಥಿಯ ಕಡೆ ನೋಡಿ ನಗುತ್ತ.

"ಹೋಗೇತ್ರಿ. ಆಗಲೇ ಹೋಗೇತಿ" ಎಂದವರೇ ಮಾಲೆ ಕಿತ್ತು ಬಿಸಾಕಿ, ಯಂತ್ರವನ್ನು ಎದೆಗವಚಿಕೊಂಡು ಎತ್ತಿದರು. ಪೂಜೆಗೆ ಇಟ್ಟದ್ದನ್ನು ಬನ್ನಿಗೆ ಮೊದಲೇ ಎತ್ತಿದರು! ಹೆಂಗಸರು "ಅಯ್ಯ ಶಿವನ" ಎಂದು ಬಾಯಿ ಮುಚ್ಚಿಕೊಂಡರು. ಆ ಕ್ಷಣದಿಂದ ಅವರ ಲೆಕ್ಕ ಹಾಳಾದದ್ದು ಯಾರಿಗೂ ವಿಷಯವೇ ಆಗಲಿಲ್ಲ. ಅವರು ಎತ್ತಿದ್ದೇ ವಿಷಯವಾಯಿತು. ಫ್ಲಾಪಿ ಒಂದೂ ತೆರೆಯಲಿಲ್ಲ.

ಶಾಂತ ಸ್ವಭಾವದವರಂತೆ!

ದೀಪಾವಳಿ ಆಗುವುದರೊಳಗೆ ಅವರನ್ನು ಸಂಸ್ಥೆಯ ರಾಮದುರ್ಗ ಶಾಖೆಗೆ ವರ್ಗ ಮಾಡಿದರು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ನಾನು ಚೇರಮನ್ನರ ಮನೆಗೇ ಹೋಗಿ ಕೇಳಿದೆ: ಓಡುವ ಲೆಕ್ಕ ಕೆಡಿಸಿದವರು ಯಾರು, ಶಿಕ್ಷೆ ಯಾರಿಗೆ? ಅವರು ಅಡಕೆ ಕತ್ತರಿಸುತ್ತ, "ಅಕ್ಕಾರ, ನೀವು ಕನ್ನಡ ಕಲಸ್ರಿ. ನಾಸ್ತಿಕರ ಉಸಾಬರಿ ನಿಮಗ್ಯಾಕ?" ಎಂದರು. ನಾಸ್ತಿಕ! ಸಂಧ್ಯಾವಂದನೆ ತಪ್ಪಿಸದ ಮನುಷ್ಯ. ಅವರ ಮನೆಯ ಚಹಾ ಮುಟ್ಟದೆ ಎದ್ದು ಬಂದೆ.

ಇಷ್ಟಾದ ಮೇಲೆ ಬೇರೆ ಯಾರಾದರೂ ಕೈಚೆಲ್ಲಿ ಕೂಡುತ್ತಿದ್ದರು. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಾಗ "ಹೆಂಗದೀರಿ ಸರ್?" ಎಂದೆ. "ಬಾಗೇನಿ, ಮುರದಿಲ್ಲ" ಎಂದರು. "ಎರಡೂ ಬ್ಯಾರೆ ಬ್ಯಾರೆ ಅಕ್ಕಾರ. ನನ್ನ ಎಳಿ ಬಾಗತೈತಿ, ಭಾರ ತಗದ್ರ ಮತ್ತ ನೆಟ್ಟಗ ಆಗತೈತಿ. ಇನ್ನೊಮ್ಮಿ ಮೊದಲಿಂದ ಹಚ್ಚೇನಿ." ವಿಶ್ವವಿದ್ಯಾಲಯದವರು ಒಂದಿಷ್ಟು ಕಾಲ ಮುಂದೂಡಿ ಕೊಟ್ಟಿದ್ದರು. ಪಾಪ, ಅಲ್ಲಿಯವರಾದರೂ ಮನುಷ್ಯರು.

ಎಲ್ಲಿ ಹಚ್ಚಿದ್ದರು ಗೊತ್ತೇ? ಕಿತ್ತೂರಿನಲ್ಲಿ, ಹೈವೇ ಪಕ್ಕ, ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ. ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. ಹಗಲೆಲ್ಲ ಕಂಪ್ಯೂಟರಿನಲ್ಲಿ ಗಣಪತಿ ಚಿತ್ರ, ಬಂಧುಗಳ ಹೆಸರು ಜೋಡಿಸುತ್ತಿದ್ದ. "ಸರ್, ಲಗ್ನದ ಸೀಜನ್ದಾಗ ಕೊಡಾಕಾಗೂದಿಲ್ರಿ. ಆಷಾಢದಾಗ ಬರ್ರಿ, ಮಷಿನ್ ನಿಮ್ಮದ" ಎಂದಿದ್ದ. ಹೀಗೆ ಜಗತ್ತಿನ ಅತಿ ಸಣ್ಣ ಎಳೆ ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು ನಮ್ಮ ಕಡೆಯ ಮುಹೂರ್ತಗಳ ಮೇಲೆ ನಿಂತಿತು. ಆಷಾಢ ಬಂತೆಂದರೆ, ಪಕ್ಷಮಾಸ ಬಂತೆಂದರೆ, ಇವರ ಮುಖ ಅರಳುವುದು. ಪಂಚಾಂಗ ತೆಗೆದು "ಈ ಸಲ ಮುಹೂರ್ತ ಕಡಿಮಿ ಅದಾವ ಅಕ್ಕಾರ, ದೇವರ ದೊಡ್ಡಾಂವ" ಎಂದು ಖುಷಿಪಡುವರು. ಊರಿನ ಕನ್ನೆಯರೆಲ್ಲ ಶಾಪ ಹಾಕಿಯಾರು ಎಂದು ನಾನು ಛೇಡಿಸುತ್ತಿದ್ದೆ. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಆ ದಿನಗಳಲ್ಲೇ.

ಇನ್ನೊಂದು ಆಷಾಢ ಸಿಕ್ಕಿದ್ದರೆ ಮುಗಿಯುತ್ತಿತ್ತು. ಅವಧಿ ತೀರಿತು. ಮತ್ತೊಮ್ಮೆ ಮುಂದೂಡಬೇಕಾದರೆ ನಿಮ್ಮ ಸಂಸ್ಥೆಯವರು ಒಪ್ಪಿಗೆ ಕೊಡಬೇಕು ಎಂದರು ವಿಶ್ವವಿದ್ಯಾಲಯದವರು. ಚೇರಮನ್ನರ ಒಂದು ಸಹಿ, ಅಷ್ಟೇ. ಅವರು ಮಾಡಲಿಲ್ಲ. "ಮೊದಲ ಎಲ್ಲಾರ ಮುಂದ ಕ್ಷಮಾ ಕೇಳ್ಲಿ" ಎಂದು ಹೇಳಿ ಕಳಿಸಿದರು.

ನಾನು ಅವರಿಗೆ ತಿಳಿಸಿ ಹೇಳಲು ರಾಮದುರ್ಗಕ್ಕೆ ಹೋದೆ. ಒಂದು ಮಾತು ಕ್ಷಮೆ ಕೇಳಿಬಿಡಿ, ಬಾಯಿ ಸವೆಯುವುದಿಲ್ಲ, ಇಷ್ಟು ವರ್ಷದ ಕೆಲಸ ಎಂದೆ. ಅವರು ಕೈಯಲ್ಲಿದ್ದ ಕಡ್ಡಿಯನ್ನು ಕಿಸೆಗೆ ಸೇರಿಸಿದರು.

"ಬನ್ನಿಗಿಂತ ಮೊದಲ ಎತ್ತಿದ್ದು ತಪ್ಪ. ಅವತ್ತ ರಾತ್ರೀನ ದೇವರ ಮುಂದ ಕೂತ ಕ್ಷಮಾ ಕೇಳೇನಿ. ಚೇರಮನ್ರು ದೇವರಲ್ಲ ಅಕ್ಕಾರ."

ಅವರ ನೋಂದಣಿ ರದ್ದಾಯಿತು. ಹಟಮಾರಿ ಎಂದು ನೀವು ಅನ್ನಬಹುದು. ನಾನೂ ಅಂದೆ, ಅವರೆದುರಿಗೇ ಅಂದೆ. ಆದರೆ ಈಗ ಯೋಚಿಸಿದರೆ, ಎಲ್ಲ ಕಳೆದುಕೊಂಡವನ ಹತ್ತಿರ ಹೋಗಿ ಇನ್ನೂ ಏನು ಕೊಡುತ್ತಿ ಎಂದು ಕೇಳುವವರಿಗೆ ಏನೆನ್ನಬೇಕು?

ಎರಡು ಸಾವಿರದ ಇಸವಿಯ ನಂತರ ಹೊರದೇಶದವರು ಯಾರೋ ಅದೇ ಮಾತನ್ನು ಲೆಕ್ಕ ಮಾಡಿ ತೋರಿಸಿದರಂತೆ. ಎಳೆ ಬಾಗುವುದನ್ನು ತಡೆಯುವುದು ಸುತ್ತಿನ ಹಿಡಿತ ಎಂಬ ಮಾತನ್ನು. ಅದನ್ನು ಅವರೇ ನನಗೆ ಹೇಳಿದ್ದು, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. "ಛಲೋ ಮಾಡ್ಯಾರ. ನಾ ಬಿಟ್ಟದ್ದನ್ನೂ ಹಿಡದಾರ." ಒಳಗಿನಿಂದ ಅವರ ಹೆಂಡತಿ ಪಾತ್ರೆ ಜೋರಾಗಿ ಇಟ್ಟ ಸದ್ದು ಕೇಳಿತು. ನಿವೃತ್ತಿಯ ತನಕ ರಾಮದುರ್ಗದಲ್ಲೇ ಕಲಿಸಿದರು. ಮೊದಲ ಪಾಠ ಮಾತ್ರ ಬದಲಾಗಲಿಲ್ಲ, ಅದೇ ಕಡ್ಡಿ, ಅದೇ ಪ್ರಶ್ನೆ. ಆಮೇಲೆ ಎದೆನೋವು, ಆಸ್ಪತ್ರೆ, ಸಾವು. ಅದರ ವಿವರ ನನಗೆ ಬೇಡ.

ಹೋದ ವಾರದ ಸಭೆಗೆ ಮರಳುತ್ತೇನೆ. ಚೇರಮನ್ನರಿಗೆ ಈಗ ವಯಸ್ಸಾಗಿದೆ, ಮಾತಿನಲ್ಲಿ ಬೆಣ್ಣೆ ಇದೆ. "ಕಂಪ್ಯೂಟರಿಗೆ ಖಂಡೇಪೂಜಿ ಮಾಡಿದ ಮೊದಲನೇ ಕಾಲೇಜು ನಮ್ಮದು. ಅವತ್ತು ಸರ್ ಎಷ್ಟು ಸಂತೋಷಪಟ್ಟಿದ್ದರು!" ಎಂದರು. ನನ್ನ ಪಕ್ಕದವರು ತಲೆದೂಗಿದರು. "ನಮ್ಮ ಹೊಸ ಕಂಪ್ಯೂಟರ್ ಕೊಠಡಿಗೆ ಅವರ ಹೆಸರಿಡುತ್ತೇವೆ" ಎಂದರು. ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ನನ್ನ ಕಡೆ ಹೊರಳಿ, ದನಿ ತಗ್ಗಿಸದೆ ಹೇಳಿದರು: "ಇದ್ದಾಗ ಒಂದ ಕೀಲಿ ಸಲುವಾಗಿ ಕಟ್ಟಿ ಮ್ಯಾಲ ಕಾಯಿಸಿದ್ರು. ಈಗ ಬಾಗಲ ಮ್ಯಾಲ ಹೆಸರ ಬರಸ್ತಾರ, ನೋಡ್ರಿ."

ಚೇರಮನ್ನರು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡರೋ ಏನೋ. ಕೊನೆಯ ಮಾತು ಹೇಳಿದರು: "ಬಹಳ ಸೂಕ್ಷ್ಮ ಮನಸ್ಸು. ಪಾಪ, ಸಣ್ಣ ಮಾತನ್ನ ಮನಸ್ಸಿಗೆ ಹಚ್ಚಿಕೊಂಡು ತಾವಾಗೇ ಬಾಗಿಬಿಟ್ಟರು. ಬರ್ರಿ, ಒಂದು ನಿಮಿಷ ಮೌನ ಆಚರಿಸೋಣ."

ಎಲ್ಲರೂ ಎದ್ದು ನಿಂತರು. ತಾವಾಗೇ ಬಾಗಿಬಿಟ್ಟರು! ಇಡೀ ಜನ್ಮ ಆ ಒಂದು ಮಾತು ಸುಳ್ಳೆಂದು ತೋರಿಸಲು ಹೆಣಗಿದ ಮನುಷ್ಯನ ಫೋಟೋದ ಮುಂದೆ ನಿಂತು ಅದೇ ಮಾತು. ನನಗೆ ತಡೆಯಲಾಗಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ ಆ ಮೌನದಲ್ಲಿ ನಾನು ಗಟ್ಟಿಯಾಗಿ ಕೇಳಿದೆ:

"ಕಡ್ಡಿ ಬಾಗಿತು. ತಪ್ಪು ಯಾರದು?"

ಅಕ್ಕಪಕ್ಕದವರು ನನ್ನತ್ತ ದುರುಗುಟ್ಟಿ ನೋಡಿದರು. ಹಿಂದಿನ ಸಾಲುಗಳಲ್ಲಿ ಅವರ ಹಳೆಯ ಹುಡುಗರಿದ್ದರು. ಮೀಸೆ ಹಣ್ಣಾದವರು, ಹೊಟ್ಟೆ ಬಂದವರು, ಕಿತ್ತೂರಿನ ಲಗ್ನಪತ್ರಿಕೆಯವನೂ ಇದ್ದ. ಮೊದಲು ಒಂದು ದನಿ, ಬಹುಶಃ ಅವನದೇ. ಆಮೇಲೆ ನಾಲ್ಕು, ಆಮೇಲೆ ಇಡೀ ಹಿಂಬದಿ, ಫೋಟೋದ ಕಡೆ ನೋಡುತ್ತ ಕೂಗಿತು:

"ಬೆರಳ ತಗದವರದು, ಸರ್!"

ಚೇರಮನ್ನರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಮೌನ ಮುಗಿಯಿತೆಂದು ಹೇಳಬೇಕಾದವರು ಅವರೇ. ಬಹಳ ಹೊತ್ತಿನ ತನಕ ಹೇಳಲಿಲ್ಲ.